ಕೆಂಪು ಕಂಬಳಿ ಒಗೆದ ಬೆಳಗು

ಬೆಟ್ಟದ ಮೇಲಿನ ಆ ಲಾಡ್ಜಿನ ಪ್ರತಿ ಕೋಣೆಯಲ್ಲೂ ಬಾಗಿಲ ಪಕ್ಕದ ಗೋಡೆಯ ಮೇಲೆ, ಎದೆಯ ಎತ್ತರಕ್ಕೆ, ಅಂಗೈಯಗಲದ ಒಂದು ಕೊಳೆ ಕಲೆ ಇದೆ. ಅಕ್ಕ ವರ್ಷವರ್ಷವೂ ಅದರ ಮೇಲೆ ಸುಣ್ಣ ಬಳಿಯುತ್ತಾಳೆ, ವರ್ಷ ತುಂಬುವುದರೊಳಗೆ ಅದು ಮತ್ತೆ ಹಾಜರು. ಬಂದವರೆಲ್ಲ ಕತ್ತಲಾದ ಕೂಡಲೇ ಅಲ್ಲಿ ಗೋಡೆ ತಡವಿ ಸ್ವಿಚ್ಚು ಹುಡುಕುತ್ತಾರೆ, ಅದಕ್ಕೇ ಆ ಕಲೆ. ಸ್ವಿಚ್ಚಿಲ್ಲ, ಕರೆಂಟಿಲ್ಲ, ಕಂಬದಿಂದ ಒಂದೆಳೆ ತಂತಿಯೂ ಇಲ್ಲಿಗೆ ಬಂದಿಲ್ಲ ಎಂದು ಕೆಳಗೆ ಪೇಟೆಯಲ್ಲೇ ಅವರಿಗೆಲ್ಲ ಹೇಳಿ ಕಳಿಸಿರುತ್ತಾರೆ. ಅವರೂ ಗೊತ್ತು ಗೊತ್ತು ಎಂದು ತಲೆಯಾಡಿಸಿಯೇ ಹತ್ತಿ ಬಂದಿರುತ್ತಾರೆ. ಆದರೂ ಕೈ ಗೋಡೆಗೆ ಹೋಗುತ್ತದೆ, ಸುಣ್ಣದ ಖರ್ಚು ಅಕ್ಕನ ತಲೆಗೆ ಬರುತ್ತದೆ.

ಅಕ್ಕ ಎಂದರೆ ಲಾಡ್ಜು ನೋಡಿಕೊಳ್ಳುವವಳು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಾರೆ. ಮೊದಮೊದಲು ಅದಕ್ಕೆ ಮುಖ ಊದಿಸಿಕೊಳ್ಳುತ್ತಿದ್ದಳು, ಈಗ ಆ ಆಸೆ ಬಿಟ್ಟಿದ್ದಾಳೆ. ಬೆಳಗಾಗುವ ಮುಂಚೆ ಎದ್ದು ಒಲೆ ಹಚ್ಚಬೇಕು, ಸ್ನಾನದ ಹಂಡೆಗೆ ಬೆಂಕಿ ಹಾಕಬೇಕು, ಲಾಟೀನಿನ ಗಾಜುಗಳನ್ನು ಹಳೇ ಪೇಪರಿನಿಂದ ಒರೆಸಬೇಕು, ಮೇಲಿನ ಊಟೆಯಿಂದ ನೀರು ತರುವ ಕೊಳವೆಗೆ ಎಲೆ ಸಿಕ್ಕಿಕೊಂಡಿದ್ದರೆ ಹತ್ತಿ ಹೋಗಿ ಬಿಡಿಸಬೇಕು. ಕೊಳವೆಯೊಳಗೆ ಎಲೆಯೇ ಇರುತ್ತದೆ ಎಂದೇನಿಲ್ಲ, ಒಮ್ಮೊಮ್ಮೆ ಕಪ್ಪೆಯೂ ಇರುತ್ತದೆ. ಯಾರೋ ಪುಣ್ಯಾತ್ಮರು ಬಿಸಿಲಿನಿಂದ ಉರಿಯುವ ದೀಪವೊಂದನ್ನು ದಾನ ಕೊಟ್ಟಿದ್ದರು. ಮೊದಲ ಗಾಳಿಗೇ ಅದು ಕಣಿವೆಗೆ ಹಾರಿಹೋಯಿತು. ಹುಡುಕಲು ಹೋಗುವಷ್ಟು ಪುರುಸೊತ್ತು ಅಕ್ಕನಿಗೆ ಯಾವತ್ತೂ ಸಿಗಲಿಲ್ಲ.

ಇಷ್ಟೆಲ್ಲ ಕೆಲಸದ ನಡುವೆ ಒಂದು ಕೆಲಸ ಮಾತ್ರ ಅವಳು ಯಾವ ಕಾರಣಕ್ಕೂ ತಪ್ಪಿಸುವುದಿಲ್ಲ. ಅದು ಹಗ್ಗದ ಮೇಲೆ ಚಾದರ ಹಾಕುವುದು.

ಲಾಡ್ಜಿನ ಬೆನ್ನಿಗೇ ದೊಡ್ಡ ಬಂಡೆಗುಡ್ಡ ಅಡ್ಡ ನಿಂತಿರುವುದರಿಂದ ಮೊಬೈಲೂ ನಡೆಯುವುದಿಲ್ಲ, ವೈರ್‌ಲೆಸ್ಸೂ ಪೇಟೆಗೆ ಮುಟ್ಟುವುದಿಲ್ಲ. ಆದರೆ ಕಣಿವೆಯಾಚೆ, ಎದುರು ಬೆಟ್ಟದ ನೆತ್ತಿಯಲ್ಲಿ, ಕಾಡಿಗೆ ಬೆಂಕಿ ಬಿದ್ದೀತೇ ಎಂದು ಕಾಯುವ ಗೋಪುರವಿದೆ. ಅದರ ಬುಡದಲ್ಲಿ ಕಾವಲುಗಾರನ ಪುಟ್ಟ ಮನೆ. ಅಲ್ಲಿಂದ ಮಾತಾಡಿದರೆ ಪೇಟೆಗೆ ಸ್ಪಷ್ಟವಾಗಿ ಕೇಳುತ್ತದೆ. ಹಾಗಾಗಿ ಅಕ್ಕನ ಅಪ್ಪ ಲಾಡ್ಜು ನೋಡಿಕೊಳ್ಳುತ್ತಿದ್ದ ಕಾಲದಿಂದಲೂ ಒಂದು ಏರ್ಪಾಡು. ಬೆಳಿಗ್ಗೆ ಅಂಗಳದ ಹಗ್ಗದ ಮೇಲೆ ಎಷ್ಟು ಬಿಳಿ ಚಾದರವೋ ಅಷ್ಟು ಅತಿಥಿಗಳು. ಮಂಜು ಸರಿದ ಮೇಲೆ ಕಾವಲುಗಾರ ದುರ್ಬೀನಿನಲ್ಲಿ ಎಣಿಸಿ ಕೆಳಗೆ ಹೇಳುತ್ತಾನೆ, ಅದಕ್ಕೆ ತಕ್ಕಷ್ಟು ದಿನಸಿಯನ್ನು ಹೇಸರಗತ್ತೆಯವನು ಹೊರಿಸಿಕೊಂಡು ಬರುತ್ತಾನೆ. ಹಗ್ಗದ ಮೇಲೆ ಕೆಂಪು ಕಂಬಳಿ ಬಿದ್ದರೆ ಮಾತ್ರ ಅರ್ಥ ಬೇರೆ. ಜೀವಕ್ಕೆ ಅಪಾಯ, ಬೇಗ ಬನ್ನಿ ಎಂದು. ಕೆಂಪು ಕಂಡ ಕೂಡಲೇ ಕಾವಲುಗಾರ ಮೊದಲು ವೈರ್‌ಲೆಸ್‌ನಲ್ಲಿ ಕೆಳಗಿನವರಿಗೆ ತಿಳಿಸಬೇಕು, ಆಮೇಲೆ ಹಗ್ಗ, ಔಷಧಿ ಪೆಟ್ಟಿಗೆ ಹೊತ್ತು ತಾನೂ ಹೊರಡಬೇಕು.

ಆ ಕಾವಲುಗಾರ ಅಕ್ಕನ ಒಡಹುಟ್ಟಿದ ತಮ್ಮ. ಇಬ್ಬರೂ ಮಾತು ಬಿಟ್ಟು ಆರು ವರ್ಷವಾಗಿತ್ತು.

ತಮ್ಮನನ್ನು ಅವಳು ಗುಂಡ ಎಂದು ಕರೆಯುತ್ತಿದ್ದಳು. ಕೂಸಾಗಿದ್ದಾಗ ಗುಂಡಗೆ ಇದ್ದ. ಬೆಳೆದು ಕಡ್ಡಿಯಂತಾದ ಮೇಲೂ ಹೆಸರು ಹೋಗಲಿಲ್ಲ. ತಾಯಿ ಬೇಗ ತೀರಿಕೊಂಡದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಅತಿಥಿಗಳಿಗೆ ಬಡಿಸಿದವಳು ಅವಳು. ಯಾವ ಕೋಣೆ ಖಾಲಿಯೋ ಆ ಕೋಣೆಯ ಮಂಚದಲ್ಲಿ ಅವನನ್ನು ಮಲಗಿಸಿ, ರಾತ್ರಿ ಯಾರಾದರೂ ಬಂದರೆ ನಿದ್ದೆಗಣ್ಣಲ್ಲೇ ಎತ್ತಿ ಇನ್ನೊಂದಕ್ಕೆ ಸಾಗಿಸುತ್ತಿದ್ದಳು. ಹೀಗೆ ಬೆಳೆದ ತಮ್ಮನ ಮದುವೆ ಪೇಟೆಯಲ್ಲಿ ಗೊತ್ತಾಯಿತು. ಅಕ್ಕ ಹೊಸ ಬಟ್ಟೆ ಮಡಿಸಿಟ್ಟುಕೊಂಡು ಹೊರಡುವುದೊಂದೇ ಬಾಕಿ. ಹಿಂದಿನ ಸಂಜೆ ಲಾಡ್ಜಿಗೆ ಒಬ್ಬನೇ ಬಂದಿದ್ದ ಅತಿಥಿ ಜಾರಿ ಬಿದ್ದು ಕಾಲು ಮುರಿದುಕೊಂಡ. ಜ್ವರ ಏರಿತು. ಬೆಟ್ಟವನ್ನೆಲ್ಲ ಮಂಜು ಮುಚ್ಚಿತು. ಅಕ್ಕ ಕೆಂಪು ಕಂಬಳಿ ಹಾಕಿದಳು. ಆದರೆ ತನ್ನ ಅಂಗಳದ ಹಗ್ಗವೇ ತನಗೆ ಕಾಣದ ಮಂಜಿನಲ್ಲಿ ಎದುರು ಬೆಟ್ಟಕ್ಕೆ ಏನು ಕಂಡೀತು? ಮದುವೆಯ ದಿನವೆಲ್ಲ ಅವಳು ಆ ಅಪರಿಚಿತನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದಳು.

ಅವತ್ತು ಗುಂಡ ಮದುವೆ ಮನೆಯ ಬಾಗಿಲಲ್ಲಿ ನಿಂತು ಕಾದದ್ದೇ ಕಾದದ್ದು. ಮದುವೆ ಮುಗಿಸಿ ಸಿಟ್ಟಿನಲ್ಲಿ ಬೆಟ್ಟ ಹತ್ತಿ ಬಂದ. ಬಂದವನ ಬಾಯಿಂದ ಮೊದಲು ಬಂದ ಮಾತು, "ನಿಂಗೆ ಬಂದು ಹೋಗೋರೇ ದೊಡ್ಡೋರಾದ್ರಾ?" ಅಕ್ಕ ಎರಡು ರಾತ್ರಿ ನಿದ್ದೆಗೆಟ್ಟಿದ್ದಳು. ನಡೆದದ್ದನ್ನು ಕೂರಿಸಿ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಲಿಲ್ಲ. "ನಾನಿಲ್ದೇನೂ ಆಯ್ತಲ್ಲ ಮದುವೆ?" ಎಂದುಬಿಟ್ಟಳು.

"ಆಯ್ತು. ಇನ್ಮೇಲೂ ಎಲ್ಲಾ ನೀನಿಲ್ದೇನೇ ಆಗುತ್ತೆ" ಎಂದು ಅವನು ಬಂದ ದಾರಿಯಲ್ಲೇ ಇಳಿದುಹೋದ.

ಹೋದವನು ದೂರದ ಊರಿಗೆ ಹೋಗಬಹುದಿತ್ತು. ಹೋಗಲಿಲ್ಲ. ಎದುರು ಬೆಟ್ಟದ ಮುದಿ ಕಾವಲುಗಾರ ಬಿಟ್ಟ ಕೆಲಸಕ್ಕೆ ಸೇರಿಕೊಂಡ. ಅಕ್ಕನ ಮುಖ ನೋಡಲ್ಲ ಎಂದು ಪೇಟೆಯಲ್ಲೆಲ್ಲ ಸಾರಿದವನು, ಅಕ್ಕನ ಅಂಗಳವನ್ನು ದಿನಾ ಬೆಳಿಗ್ಗೆ ದುರ್ಬೀನು ಹಿಡಿದು ನೋಡುವ ಕೆಲಸವನ್ನೇ ಹುಡುಕಿಕೊಂಡ! ಹೇಸರಗತ್ತೆಯವನು ಇದನ್ನು ಹೇಳಿಕೊಂಡು ನಗುತ್ತಿದ್ದ, ಅಕ್ಕನ ಎದುರು ಮಾತ್ರ ನಗುತ್ತಿರಲಿಲ್ಲ.

ಅಕ್ಕನೇನು ಕಡಿಮೆಯೇ? ಯಾರೋ ಅತಿಥಿ ಬಿಟ್ಟುಹೋದ ಒಂದು ದುರ್ಬೀನು ಅವಳ ಬಳಿಯೂ ಇತ್ತು. ಅದರ ಒಂದು ಕಣ್ಣಿನ ಗಾಜು ಒಡೆದಿತ್ತು. ಹಕ್ಕಿ ನೋಡಲು ಇಟ್ಟುಕೊಂಡಿದ್ದೇನೆ ಎನ್ನುತ್ತಿದ್ದಳು. ಅವಳು ನೋಡುತ್ತಿದ್ದ ಹಕ್ಕಿಗಳೆಲ್ಲ ಎದುರು ಬೆಟ್ಟದ ಕಾವಲುಮನೆಯ ಬಟ್ಟೆಹಗ್ಗದ ಮೇಲೇ ಕೂರುತ್ತಿದ್ದವು. ಒಂದು ವರ್ಷ ಆ ಹಗ್ಗದ ಮೇಲೆ ಕರವಸ್ತ್ರದಷ್ಟು ಸಣ್ಣ ಬಟ್ಟೆಗಳು ಸಾಲಾಗಿ ಕಾಣಿಸಿಕೊಂಡವು. ಅವತ್ತು ಅಕ್ಕ ಒಲೆಯ ಮೇಲಿನ ಹಾಲು ಉಕ್ಕಿಸಿದಳು. ಆಮೇಲೆ ಪುಟ್ಟ ಲಂಗ ಬಂತು. ಈಚೆಗೆ ಒಂದು ಹಳದಿ ಫ್ರಾಕು. ಹೆಣ್ಣುಮಗು, ನಾಲ್ಕೈದು ವರ್ಷದ್ದು, ಎತ್ತರ ಆಗುತ್ತಿದೆ. ಸೋದರಸೊಸೆಯ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಇಷ್ಟೇ, ಅದೂ ಹಗ್ಗ ಹೇಳಿದ್ದು. ಆ ಫ್ರಾಕಿನೊಳಗಿನ ಮಗುವನ್ನು ಒಂದು ಸಲ ಎತ್ತಿಕೊಳ್ಳಬೇಕು ಎಂಬ ಆಸೆ ಅವಳ ಎದೆಯೊಳಗೆ ಕೂತುಬಿಟ್ಟಿತ್ತು. ಆದರೆ ತಾನಾಗಿ ಹೋಗಿ ಕದ ತಟ್ಟುವುದಕ್ಕೆ ಬಿಗುಮಾನ. ಅವನೂ ಅದೇ ಗರ್ಭದಲ್ಲಿ ಹುಟ್ಟಿದವನಲ್ಲವೇ, ಅವನಿಗೂ ಅಷ್ಟೇ ಬಿಗುಮಾನ.

ಪರಿಸ್ಥಿತಿ ಹೀಗಿರುವಾಗ ಒಂದು ಸಂಜೆ ಗಂಡ ಹೆಂಡತಿ ಇಬ್ಬರು ಬೆಟ್ಟ ಹತ್ತಿ ಬಂದರು. ಗಂಡ ನಿವೃತ್ತ ಬಸ್ ಡ್ರೈವರು. ಹೆಂಡತಿ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಜೀವಮಾನವೆಲ್ಲ ಚಾದರ ಒಗೆದು ಈಚೆಗಷ್ಟೇ ನಿವೃತ್ತಿಯಾದವರು. ಜೊತೆಗೆ ಕೆಲಸ ಮಾಡಿದವರೆಲ್ಲ ಸೇರಿ, ಒಂದು ರಾತ್ರಿಯಾದರೂ ಕೈಕಟ್ಟಿ ಕೂತು ಬನ್ನಿ ಎಂದು ಇಲ್ಲಿಗೆ ಕಳಿಸಿದ್ದರು. ಕಳಿಸಿದವರಿಗೆ ಆಕೆಯ ಸ್ವಭಾವ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಕೋಣೆಗೆ ಕಾಲಿಟ್ಟವರು ಗೋಡೆ ತಡವಲಿಲ್ಲ, ನೇರ ಹೋಗಿ ಹಾಸಿಗೆಯ ಚಾದರದ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಅಕ್ಕ, ಸೋಪು ಪೂರ್ತಿ ಹೋಗಿಲ್ಲ. ಇನ್ನೊಂದು ನೀರು ಬೇಕಿತ್ತು."

"ನೀರಿಗೆ ದಿನಾ ಊಟೆ ತನಕ ಹತ್ತೋಳು ನಾನಮ್ಮ" ಎಂದಳು ಅಕ್ಕ.

"ಹಾಗಾದ್ರೆ ನಾಳೆ ನಾನು ಒಗೆದುಕೊಡ್ತೀನಿ."

"ನೀವು ಅತಿಥಿಗಳು. ಸುಮ್ನೆ ಕೂತ್ಕೊಳ್ಳಿ."

"ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳಿ" ಎಂದರು ಡ್ರೈವರು. "ಸುಮ್ನೆ ಕೂರೋದು ಅವಳ ಕೈಲಾಗಲ್ಲ."

ಊಟಕ್ಕೆ ಕೂತಾಗ ಅಕ್ಕ ಎಲ್ಲ ಅತಿಥಿಗಳಿಗೂ ಹೇಳುವ ಹಾಗೆ ಹಗ್ಗದ ವಿಷಯ ಹೇಳಿದಳು. ಬಾಗಿಲ ಬಳಿಯ ಮರದ ಪೆಟ್ಟಿಗೆ ತೋರಿಸಿ, ಅದರೊಳಗಿನ ಕೆಂಪು ಕಂಬಳಿ ಮಾತ್ರ ಮುಟ್ಟಬಾರದು ಎಂದಳು.

"ಯಾವತ್ತಾದ್ರೂ ಹಾಕಿದ್ರಾ ಅದನ್ನ?" ಡ್ರೈವರು ಕೇಳಿದರು.

"ಒಂದೇ ಒಂದು ಸಲ. ಮಂಜಿತ್ತು. ಯಾರಿಗೂ ಕಾಣಲಿಲ್ಲ."

ಯಾವತ್ತು, ಯಾಕೆ ಎಂದು ಹೇಳದೆ ಅವಳು ತಟ್ಟೆ ಎತ್ತಿಕೊಂಡು ಹೋದಳು.

ಬೆಳಕು ಹರಿಯುವ ಮುಂಚೆಯೇ ಲಾಂಡ್ರಿಯಮ್ಮನಿಗೆ ಎಚ್ಚರವಾಯಿತು. ದುಡಿದ ಕೈಗೆ ನಿವೃತ್ತಿಯ ಸುದ್ದಿ ಇನ್ನೂ ತಲುಪಿರಲಿಲ್ಲ. ಅಕ್ಕ ಕೊಳವೆ ನೋಡಲು ಮೇಲೆ ಹೋಗಿದ್ದಳು. ಒಗೆಯುವ ಗುಡಿಸಲಿನಲ್ಲಿ ಹಂಡೆಯ ನೀರು ಕಾದಿತ್ತು. ಲಾಂಡ್ರಿಯಮ್ಮ ಕಪಾಟಿನಿಂದ ಒಂದು ಚಾದರ ತೆಗೆದರು. ಇಷ್ಟು ಬಿಸಿನೀರಿಗೆ ಒಂದೇ ಚಾದರವೇ ಎನಿಸಿ, ಲಾಟೀನು ಹಿಡಿದು ಇನ್ನೇನಾದರೂ ಇದೆಯೇ ಎಂದು ನೋಡಿದರು. ಮರದ ಪೆಟ್ಟಿಗೆ ಅವರಿಗೆ ನೆನಪಿತ್ತು. ಕೆಂಪು ಮುಟ್ಟಬಾರದು ಎಂದದ್ದೂ ನೆನಪಿತ್ತು. ಆದರೆ ಲಾಟೀನಿನ ಬೆಳಕಿನಲ್ಲಿ ಅದರೊಳಗೆ ಕಂಡದ್ದು ವರ್ಷಗಳ ಹೊಗೆ, ಧೂಳು, ಇಲಿಯ ವಾಸನೆ ಮೆತ್ತಿಕೊಂಡ ಮಣ್ಣುಬಣ್ಣದ ಕಂಬಳಿ. ಕೆಂಪು ಕಂಬಳಿ ಇನ್ನೂ ಕೆಳಗಿರಬೇಕು, ಇದು ಅದರ ಮೇಲೆ ಹೊದಿಸಿದ್ದು ಎಂದುಕೊಂಡರು. ಆ ಕೊಳೆ ನೋಡಿ ಬಿಟ್ಟು ಬರುವುದು ಅವರ ಜಾಯಮಾನದಲ್ಲಿರಲಿಲ್ಲ. ಚಾದರದ ಜೊತೆಗೇ ತೊಟ್ಟಿಗೆ ಹಾಕಿ ತುಳಿದರು, ಹಿಂಡಿದರು, ಅರೆಗತ್ತಲಲ್ಲೇ ಹಗ್ಗದ ಮೇಲೆ ಹರವಿ ಕ್ಲಿಪ್ಪು ಹಾಕಿ, ತೃಪ್ತಿಯಿಂದ ಒಳಗೆ ಬಂದು ಮಲಗಿದರು.

ಅಕ್ಕ ಊಟೆಯಿಂದ ಇಳಿದು ಬರುವಷ್ಟರಲ್ಲಿ ಬೆಳಕಾಗಿತ್ತು. ಅಂಗಳಕ್ಕೆ ಬಂದವಳ ಕಣ್ಣು ನೇರ ಹಗ್ಗದ ಮೇಲೆ ಬಿತ್ತು. ಕೊಳೆಯೆಲ್ಲ ಹೋಗಿ ಕಂಬಳಿ ಅಪ್ಪನ ಕಾಲದಲ್ಲಿದ್ದಂತೆ ಕೆಂಪಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಚಾದರ, ಅದರ ಬಣ್ಣ ಹಿಡಿದು ಗುಲಾಬಿಯಾಗಿತ್ತು. ಏನು ನಡೆದಿದೆ ಎಂದು ಅರ್ಥವಾಗಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಓಡಿ ಹೋಗಿ ಕಂಬಳಿಯ ಒಂದು ತುದಿಯ ಕ್ಲಿಪ್ಪು ಕಿತ್ತಳು. ನೀರು ಕುಡಿದ ಭಾರದ ಕಂಬಳಿಯ ಮೂಲೆ ಧೊಪ್ಪನೆ ಜೋತುಬಿತ್ತು.

ಕಣಿವೆಯ ಕಡೆ ತಿರುಗಿ ನೋಡಿದಳು. ಮಂಜು ತೆಳುವಾಗುತ್ತಿತ್ತು. ಗೋಪುರದ ತುದಿ ಆಗಲೇ ಕಾಣುತ್ತಿತ್ತು.

ತೆಗೆಯಬೇಕು. ಸುಳ್ಳು ಕೆಂಪು ಹಾಕುವುದೆಂದರೆ ಏನು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಪೇಟೆಯಿಂದ ಜನ ಕೈಲಿದ್ದ ಕೆಲಸ ಬಿಟ್ಟು ಓಡಿ ಬರುತ್ತಾರೆ. ಬಂದವರು ಉಗಿಯುತ್ತಾರೆ, ಮುಂದಿನ ಸಲ ನಿಜವಾಗಿ ಬೇಕಾದಾಗ ಇದೂ ಒಗೆದದ್ದೇ ಇರಬೇಕು ಎಂದು ಕೂತುಬಿಡುತ್ತಾರೆ. ಅಪ್ಪ ಬದುಕಿದ್ದರೆ ಕಿವಿ ಹಿಂಡುತ್ತಿದ್ದರು. ಎಲ್ಲ ಗೊತ್ತು. ಆದರೆ ಕಂಬಳಿ ಕಂಡರೆ ಮೊದಲು ಬರುವವನು ಗುಂಡ. ಬರಲೇಬೇಕು, ಅದು ಅವನ ಕೆಲಸ. ಆರು ವರ್ಷದಲ್ಲಿ ಅವಳಿಗೆ ಕರೆಯಲು ಬಾಯಿ ಬಂದಿರಲಿಲ್ಲ. ಈಗ ಯಾರೋ ಪುಣ್ಯಾತ್ಗಿತ್ತಿ ಅವಳ ಪರವಾಗಿ ಕರೆದು ಹೋಗಿ ಮಲಗಿದ್ದಾರೆ. ಅವಳು ಮಾಡಬೇಕಾದದ್ದು ಏನೂ ಇಲ್ಲ. ಸುಮ್ಮನಿದ್ದರೆ ಸಾಕು.

ಅಕ್ಕ ಜೋತುಬಿದ್ದ ಮೂಲೆಯನ್ನು ಎತ್ತಿ ಹಗ್ಗಕ್ಕೆ ಸೇರಿಸಿ ಕ್ಲಿಪ್ಪು ವಾಪಸು ಹಾಕಿದಳು.

ಆಮೇಲೆ ಒಳಗೆ ಹೋಗಿ ಆಲೂಗಡ್ಡೆ ಸುಲಿಯಲು ಕೂತಳು. ಬೇಕಾದದ್ದಕ್ಕಿಂತ ಹೆಚ್ಚು ಸುಲಿದಳು. ತಿಂಡಿಗೆ ಬಂದ ಲಾಂಡ್ರಿಯಮ್ಮ ಕಿಟಕಿಯಾಚೆ ನೋಡಿ, ಕೈಲಿದ್ದ ಲೋಟ ಅಲ್ಲೇ ಇಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಮುಟ್ಟಬಾರದ್ದನ್ನು ಮುಟ್ಟಿದ್ದು ಒಂದು ಕಡೆ, ಚಾದರಕ್ಕೆ ಬಣ್ಣ ಹಿಡಿದದ್ದು ಇನ್ನೊಂದು ಕಡೆ. ಯಾವುದಕ್ಕೆ ಹೆಚ್ಚು ಅಳಬೇಕೆಂದು ಅವರಿಗೇ ತಿಳಿಯಲಿಲ್ಲ.

"ಇಷ್ಟು ವರ್ಷದಲ್ಲಿ ಒಂದು ಚಾದರಕ್ಕೂ ಬಣ್ಣ ಹತ್ತಿಸಿದವಳಲ್ಲ ನಾನು! ಈಗಲೇ ತೆಗೀತೀನಿ ಅಕ್ಕ."

"ಬೇಡ" ಎಂದಳು ಅಕ್ಕ, ತಲೆಯೆತ್ತದೆ. "ಒಣಗಲಿ."

ಬಿಸಿಲು ಅಂಗಳದ ನಡುವಿಗೆ ಬರುವ ತನಕ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಮಾಡಿದ್ದು ತಪ್ಪು ಎಂದು ಮೂರು ಸಲ ಬಾಗಿಲ ತನಕ ಹೋಗಿ ಮೂರು ಸಲ ಹಿಂದಿರುಗಿದಳು. ಕೊನೆಗೆ ಕೆಳಗಿನ ತಿರುವಿನಲ್ಲಿ ಕಲ್ಲು ಉರುಳುವ ಸದ್ದಾಯಿತು. ಗುಂಡ ಬಂದ. ಹೆಗಲಲ್ಲಿ ಸುತ್ತಿದ ಹಗ್ಗ, ಕೈಯಲ್ಲಿ ಔಷಧಿ ಪೆಟ್ಟಿಗೆ, ಮೊಣಕಾಲ ತನಕ ಕಣಿವೆಯ ಹೊಳೆಯ ಕೆಸರು. ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ಅದು ದುರ್ಬೀನಿನಲ್ಲಿ ಯಾವತ್ತೂ ಕಂಡಿರಲಿಲ್ಲ. ಅಂಗಳದ ಮಧ್ಯೆ ನಿಂತು ಏದುಸಿರು ಬಿಡುತ್ತ ಅಕ್ಕನನ್ನು ನೋಡಿದ.

"ಯಾರಿಗೆ ಏನಾಗಿದೆ?"

"ಯಾರಿಗೂ ಏನೂ ಆಗಿಲ್ಲ ಕಣೋ."

"ತಪ್ಪು ನಂದಪ್ಪಾ" ಎನ್ನುತ್ತ ಲಾಂಡ್ರಿಯಮ್ಮ ಮುಂದೆ ಬಂದರು. "ಗೊತ್ತಿಲ್ದೆ ಒಗೆದು ಹಾಕಿಬಿಟ್ಟೆ. ನಿಮ್ಮಕ್ಕಂದು ಏನೂ ತಪ್ಪಿಲ್ಲ."

ಅಕ್ಕ ಅವರ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು. ಇನ್ನೊಬ್ಬರ ಹಿಂದೆ ಅಡಗಿ ನಿಲ್ಲುವುದು ಅವಳಿಂದಾಗಲಿಲ್ಲ.

"ಹಾಕಿದ್ದು ಅವರು. ತೆಗೀದೇ ಬಿಟ್ಟಿದ್ದು ನಾನು. ಸುಳ್ಳು ಅಂತ ಗೊತ್ತಿದ್ದೂ ಬಿಟ್ಟೆ. ಬೈಯೋದಿದ್ರೆ ನಂಗೆ ಬೈ. ಕೆಳಗಿನವರಿಗೂ ನಾನೇ ಹೇಳ್ತೀನಿ. ಎಲ್ಲಿದ್ದಾರೆ ಅವರು, ಎಷ್ಟು ಜನ ಬರ್ತಿದ್ದಾರೆ?"

ಗುಂಡ ಪೆಟ್ಟಿಗೆಯನ್ನು ನೆಲಕ್ಕಿಟ್ಟ. ಹಗ್ಗವನ್ನು ಹೆಗಲಿಂದ ಇಳಿಸಿದ. ಇಳಿಸಲು ಅಗತ್ಯಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ.

"ಯಾರೂ ಬರ್ತಿಲ್ಲ. ನಾನು ಹೇಳಿಲ್ಲ."

"ಹೇಳಿಲ್ವಾ? ಕೆಂಪು ನೋಡಿ ಕೆಳಗೆ ಹೇಳಿಲ್ವಾ?"

"ನೋಡ್ದೆ. ಮಂಜಿನ ಸಂದೀಲಿ ಕೆಂಪು ಕಾಣ್ತು. ವೈರ್‌ಲೆಸ್ ಕೈಗೆ ತಗೊಂಡೆ. ಮತ್ತೆ ದುರ್ಬೀನಲ್ಲಿ ನೋಡಿದ್ರೆ ನೀನು ಅದರ ಮುಂದೇನೇ ನಿಂತಿದೀಯ, ಗಟ್ಟಿಮುಟ್ಟಾಗಿ. ಒಂದು ಮೂಲೆ ಬಿಚ್ಚಿದೆ. ಸರಿ, ಏನೋ ಎಡವಟ್ಟು, ತೆಗೀತಾಳೆ ಅಂದ್ಕೊಂಡೆ." ಅವನು ಕಂಬಳಿಯ ಕಡೆ ಕೈ ತೋರಿಸಿದ. "ನೀನು ಮತ್ತೆ ಹಾಕಿದೆ. ಅದನ್ನ ನೋಡಿದ್ಮೇಲೆ ನಂಗೆ ಅಲ್ಲಿ ಕೂರೋಕಾಗಲಿಲ್ಲ."

ಅಕ್ಕನ ಬಾಯಿಂದ ಬೈಗುಳವೇ ಹೊರಟಿತು. "ಎಲ್ಲಾ ಗೊತ್ತಿದ್ಮೇಲೆ ಈ ಹಗ್ಗ, ಈ ಪೆಟ್ಟಿಗೆ ಯಾಕೋ ಹೊತ್ಕೊಂಡು ಬಂದೆ, ದಡ್ಡ?"

"ಮತ್ತೆ ಬರಿಗೈಲಿ ಬರಲಾ? ಏನಂತ ಹೇಳ್ಕೊಂಡು ಬರ್ಲಿ?"

ಡ್ರೈವರು ಗೊಳ್ಳನೆ ನಕ್ಕರು. ಅವರ ನಗುವಿಗೆ ಗುಂಡನ ಮುಖವೂ ಸಡಿಲಾಯಿತು. ಎಲ್ಲರೂ ಒಳಗೆ ಬಂದು ಕೂತರು. ಆಲೂಗಡ್ಡೆಗಂತೂ ಬರವಿರಲಿಲ್ಲ. ಗುಂಡ ತನ್ನ ಹಳೇ ಜಾಗದಲ್ಲಿ, ಒಲೆಯ ಪಕ್ಕದ ಮಣೆಯ ಮೇಲೆ, ಯಾರೂ ಹೇಳದೆ ಹೋಗಿ ಕೂತ. ಅಕ್ಕ ಅವನಿಗೆ ಬಡಿಸುವಾಗ ಡ್ರೈವರು ಮಾತಿಗೆ ಮಾತು ಸೇರಿಸಿ ಹೇಳಿದರು, "ಈ ಸಲ ಏನೋ ಕಂಡಿತು ನಿಮಗೆ. ಹಿಂದೊಂದು ಸಲ ಹಾಕಿದಾಗ ಯಾರಿಗೂ ಕಾಣಲಿಲ್ವಂತೆ."

ಗುಂಡ ತಟ್ಟೆಯಿಂದ ತಲೆಯೆತ್ತಿದ. "ನಾನು ಬಂದ ಮೇಲೆ ಒಂದು ಸಲಾನೂ ಕೆಂಪು ಹಾಕಿಲ್ಲ. ಯಾವಾಗ ಹಾಕಿದ್ದು?"

ಅಕ್ಕ ಅವನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು.

"ಅಕ್ಕ. ಯಾವಾಗ?"

"ನಿನ್ನ ಮದುವೆ ದಿನ" ಎಂದಳು. "ಇಲ್ಲೊಬ್ಬ ಕಾಲು ಮುರ್ಕೊಂಡಿದ್ದ, ಯಾರಾದ್ರೂ ಬಂದು ಅವನನ್ನ ನೋಡ್ಕೊಂಡ್ರೆ ನಾನು ಇಳಿದು ಬರಬಹುದು ಅಂತ. ಹೊಸ ಬಟ್ಟೆ ಉಟ್ಕೊಂಡೇ ಇದ್ದೆ ಕಣೋ. ಸಂಜೆ ತನಕ ಉಟ್ಕೊಂಡೇ ಇದ್ದೆ."

ಗುಂಡ ತಟ್ಟೆ ಕೆಳಗಿಟ್ಟು ಎದ್ದ. ಕೈ ತೊಳೆಯುವುದನ್ನೂ ಮರೆತು ಅಕ್ಕನ ಹೆಗಲಿಗೆ ಹಣೆ ಹಚ್ಚಿ ಅತ್ತ. ಅವಳೂ ಅತ್ತಳು. ಲಾಂಡ್ರಿಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಅವನ ಕೈಯಿಂದ ಅಕ್ಕನ ಬಟ್ಟೆಗೆ ಹತ್ತಿದ ಎಣ್ಣೆ ಕಲೆಯನ್ನೂ ನೋಡಿಟ್ಟುಕೊಂಡರು.

ಮಧ್ಯಾಹ್ನ ಅತಿಥಿಗಳು ಇಳಿಯುವ ಹೊತ್ತಾಯಿತು. ಕಣಿವೆಯ ತನಕ ಗುಂಡನೂ ಅವರ ಜೊತೆ ಹೊರಟ. ಲಾಂಡ್ರಿಯಮ್ಮ ಗುಲಾಬಿ ಚಾದರವನ್ನು ಮಡಿಸಿ ಚೀಲಕ್ಕೆ ಹಾಕಿಕೊಳ್ಳಲು ನೋಡಿದರು. ಮನೆಯಲ್ಲಿ ಕುದಿಸಿ ಬೆಳ್ಳಗೆ ಮಾಡಿ ಕಳಿಸುತ್ತೇನೆ ಎಂದರು. ಅಕ್ಕ ಅದನ್ನು ಅವರ ಕೈಯಿಂದ ಕಿತ್ತುಕೊಂಡಳು.

"ಇದು ಇಲ್ಲೇ ಇರಲಿ. ಬಿಳಿ ಅಂದ್ರೆ ಅತಿಥಿಗಳು, ಕೆಂಪು ಅಂದ್ರೆ ಅಪಾಯ. ಇದಕ್ಕೂ ಒಂದು ಅರ್ಥ ಇಟ್ಕೊಂಡ್ರಾಯ್ತು."

"ಏನಂತ?" ಗುಂಡ ಕೇಳಿದ.

"ಲಾಡ್ಜು ಖಾಲಿ ಇದೆ, ಅಕ್ಕ ಒಬ್ಬಳೇ ಇದ್ದಾಳೆ, ಊಟಕ್ಕೆ ಬನ್ನಿ ಅಂತ. ಒಬ್ಬನೇ ಬಂದ್ರೆ ಬಾಗಿಲು ತೆಗೆಯಲ್ಲ, ನೋಡ್ಕೋ."

ಗುಂಡ ಹಗ್ಗ ಹೆಗಲಿಗೇರಿಸಿಕೊಂಡು ಇಳಿದ. ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿದ.

ಆ ವಾರ ಅತಿಥಿಗಳು ಬರುತ್ತಲೇ ಇದ್ದರು. ಅಕ್ಕ ಜೀವಮಾನದಲ್ಲಿ ಮೊದಲ ಬಾರಿಗೆ, ಇವರೆಲ್ಲ ಯಾವಾಗ ತೊಲಗುತ್ತಾರೋ ಎಂದು ಮನಸ್ಸಿನಲ್ಲೇ ಗೊಣಗಿಕೊಂಡಳು. ಕೊನೆಗೊಂದು ಬೆಳಿಗ್ಗೆ ಲಾಡ್ಜು ಖಾಲಿಯಾಯಿತು. ಕೊನೆಯವರು ತಿರುವು ದಾಟಿದರೋ ಇಲ್ಲವೋ, ಅವಳು ಗುಲಾಬಿ ಚಾದರವನ್ನು ಹಗ್ಗದ ಮೇಲೆ ಹರವಿ, ನಾಲ್ಕೂ ಕಡೆ ಕ್ಲಿಪ್ಪು ಹಾಕಿ, ಒಡಕು ದುರ್ಬೀನನ್ನು ಕಣ್ಣಿಗೆ ಹಿಡಿದಳು.

ಎದುರು ಬೆಟ್ಟದ ಹಗ್ಗದ ಮೇಲೆ ದೊಡ್ಡವರ ಬಟ್ಟೆಗಳಷ್ಟೇ ಇದ್ದವು. ಹಳದಿ ಫ್ರಾಕು ಅಲ್ಲಿರಲಿಲ್ಲ. ಅಕ್ಕನ ಮುಖ ಬಾಡಿತು. ದುರ್ಬೀನನ್ನು ಮೆಲ್ಲಗೆ ಕೆಳಗಿಳಿಸುತ್ತ ಬಂದಳು. ಅತಿಥಿಗಳು ಇಳಿಯುವುದನ್ನು ನೋಡಿಯೇ ಹೊರಟಿದ್ದರೋ ಏನೋ, ಎದುರು ಬೆಟ್ಟದ ಇಳಿಜಾರಿನ ಕಾಲುದಾರಿಯಲ್ಲಿ ಆಗಲೇ ಆ ಹಳದಿ ಬಣ್ಣ ಎಲ್ಲರಿಗಿಂತ ಮುಂದೆ ಓಡೋಡಿ ಬರುತ್ತಿತ್ತು, ಹಿಂದಿನಿಂದ ಇಬ್ಬರು ಅದನ್ನು ಹಿಡಿಯಲು ಓಡುತ್ತಿದ್ದರು.

ಅಕ್ಕ ದುರ್ಬೀನನ್ನು ಕಟ್ಟೆಯ ಮೇಲೆ ಇಟ್ಟು, ಆಲೂಗಡ್ಡೆಯ ಬುಟ್ಟಿ ತರಲು ಒಳಗೆ ಓಡಿದಳು.